ಕಂಪನಿ ಎಸ್ಟೋನಿಯಾದಲ್ಲಿ, ನಾನು ಗಂಗಾವತಿಯಲ್ಲಿ: ತೆರಿಗೆ ಎಲ್ಲಿ ಕಟ್ಟಬೇಕು?

ಪ್ರಶ್ನೆ: ನಾನು ಗಂಗಾವತಿಯವನು, ವಯಸ್ಸು 31. ವಿದೇಶದ ಆನ್‌ಲೈನ್ ಅಂಗಡಿಗಳಿಗೆ ವೆಬ್‌ಸೈಟ್ ಕಟ್ಟಿಕೊಡುವುದು, ಆಮೇಲೆ ಅವನ್ನು ನೋಡಿಕೊಳ್ಳುವುದು ನನ್ನ ಕೆಲಸ. 2023ರಲ್ಲಿ ಎಸ್ಟೋನಿಯಾದ ಇ-ರೆಸಿಡೆನ್ಸಿ ತೆಗೆದುಕೊಂಡು ಅಲ್ಲೇ ಒಂದು ಕಂಪನಿ ಮಾಡಿದೆ. ಷೇರೆಲ್ಲಾ ನನ್ನದೇ, ಡೈರೆಕ್ಟರೂ ನಾನೇ. 2025-26ರಲ್ಲಿ ಕಂಪನಿಗೆ ಸುಮಾರು 42 ಲಕ್ಷ ರೂಪಾಯಿ ಬಂತು, 9 ಲಕ್ಷ ಖರ್ಚಾಯಿತು. ಉಳಿದ ದುಡ್ಡು ಕಂಪನಿ ಖಾತೆಯಲ್ಲೇ ಇದೆ, ನಾನು ಮುಟ್ಟಿಲ್ಲ. ಲಾಭ ಹಂಚದಿದ್ದರೆ ಅಲ್ಲಿ ತೆರಿಗೆ ಇಲ್ಲ. ನಮ್ಮ ರೈಸ್ ಮಿಲ್ಲಿನ ಲೆಕ್ಕ ನೋಡುವವರು ‘ದುಡ್ಡು ಇಂಡಿಯಾಕ್ಕೆ ಬಂದಾಗ ತೋರಿಸಿದರೆ ಸಾಕು’ ಎಂದರು. ವರ್ಷದಲ್ಲಿ ನಾಲ್ಕು ತಿಂಗಳು ದುಬೈ, ಥಾಯ್ಲೆಂಡ್‌ನಲ್ಲಿದ್ದೆ. ದುಬೈನಲ್ಲಿರುವ ಭಾವ ‘ಇಲ್ಲಿಗೇ ಬಂದುಬಿಡು, ತೆರಿಗೆಯ ಗೋಜೇ ಇಲ್ಲ’ ಅನ್ನುತ್ತಾರೆ. ನಾನು ಇಲ್ಲಿ ತೆರಿಗೆ ಕಟ್ಟಬೇಕಾ?

ಉತ್ತರ: ಕಟ್ಟಬೇಕು. ಎಷ್ಟು, ಯಾರ ಹೆಸರಿನಲ್ಲಿ ಅನ್ನುವುದಷ್ಟೇ ಉಳಿದ ಪ್ರಶ್ನೆ. ಅದರಲ್ಲೇ ನಿಮಗೆ ಲಕ್ಷಗಟ್ಟಲೆ ವ್ಯತ್ಯಾಸ ಬೀಳುತ್ತದೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಬಳ್ಳಾರಿಯಿಂದ ಸಂಡೂರು ರಸ್ತೆ ಹಿಡಿದರೆ ಎನ್‌ಎಲ್ 01 ನಂಬರಿನ ಲಾರಿಗಳು ಎದುರಾಗುತ್ತವೆ. ನಾಗಾಲ್ಯಾಂಡ್ ನಂಬರು. ಆ ಡ್ರೈವರ್ ನಾಗಾಲ್ಯಾಂಡ್ ಕಡೆ ತಲೆ ಹಾಕಿಯೂ ಮಲಗಿರಲಿಕ್ಕಿಲ್ಲ. ಲಾರಿ ದುಡಿಯುವುದು ಇಲ್ಲಿ, ಡೀಸೆಲ್ ಕುಡಿಯುವುದು ಇಲ್ಲಿ, ಬಾಡಿಗೆ ಎಣಿಸುವ ಸಾಹುಕಾರ ಕೂತಿರುವುದೂ ಇಲ್ಲೇ. ನಿಮ್ಮ ಕಂಪನಿಯೂ ಅಷ್ಟೇ. ಪ್ಲೇಟು ಎಸ್ಟೋನಿಯಾದ್ದು, ಗಾಡಿ ಓಡುತ್ತಿರುವುದು ಗಂಗಾವತಿಯಲ್ಲಿ.

ಇ-ರೆಸಿಡೆನ್ಸಿ ಅನ್ನುವ ಹೆಸರೇ ಎಷ್ಟೋ ಜನರಿಗೆ ಮೋಸ ಮಾಡುತ್ತದೆ. 2014ರ ಡಿಸೆಂಬರ್‌ನಲ್ಲಿ ಎಸ್ಟೋನಿಯಾ ಇದನ್ನು ಶುರು ಮಾಡಿತು. ಅದು ವೀಸಾ ಅಲ್ಲ, ಪೌರತ್ವ ಅಲ್ಲ, ತೆರಿಗೆ ಲೆಕ್ಕದಲ್ಲಿ ನಿಮ್ಮನ್ನು ಆ ದೇಶದ ನಿವಾಸಿ ಮಾಡುವುದೂ ಇಲ್ಲ. ಡಿಜಿಟಲ್ ಸಹಿ ಹಾಕಲು ಕೊಟ್ಟ ಒಂದು ಗುರುತಿನ ಕಾರ್ಡು, ಅಷ್ಟೇ. ಇದನ್ನು ಎಸ್ಟೋನಿಯಾ ಸರ್ಕಾರವೇ ಹೇಳುತ್ತದೆ. ಯೂಟ್ಯೂಬಿನವರು ಮಾತ್ರ ಹೇಳುವುದಿಲ್ಲ.

ಮೊದಲು ನಿಮ್ಮ ಲೆಕ್ಕ ನೋಡೋಣ, ಕಂಪನಿಯದು ಆಮೇಲೆ. ಇಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಈ ಎರಡನ್ನು ಕಲಸಿಕೊಂಡೇ ಎಲ್ಲರೂ ಎಡವುವುದು.

ನಿಮ್ಮ ಪಾಸ್‌ಪೋರ್ಟ್ ಪುಟದ ಫೋಟೋ ನೋಡಿದೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ಹೊರಟಿದ್ದು 2025ರ ಜುಲೈ 12. ವಾಪಸ್ ಇಳಿದಿದ್ದು ನವೆಂಬರ್ 6. ಹೋದ ದಿನ, ಬಂದ ದಿನ ಎರಡನ್ನೂ ನಾನು ಭಾರತದ ದಿನ ಅಂತಲೇ ಹಿಡಿಯುತ್ತೇನೆ, ಆಮೇಲೆ ಜಗಳ ಬೇಡ. ಜುಲೈನಲ್ಲಿ 19, ಆಗಸ್ಟ್‌ನಲ್ಲಿ 31, ಸೆಪ್ಟೆಂಬರ್‌ನಲ್ಲಿ 30, ಅಕ್ಟೋಬರ್‌ನಲ್ಲಿ 31, ನವೆಂಬರ್‌ನಲ್ಲಿ 5. ಒಟ್ಟು 116 ದಿನ ಹೊರಗೆ. 365ರಲ್ಲಿ ಕಳೆದರೆ 249 ದಿನ ಇಲ್ಲಿ. ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ರೆಸಿಡೆಂಟ್. ಇನ್ನೊಂದು ಅಳತೆಯೂ ಇದೆ: ಈ ವರ್ಷ 60 ದಿನ, ಹಿಂದಿನ ನಾಲ್ಕು ವರ್ಷದಲ್ಲಿ ಒಟ್ಟು 365 ದಿನ ಇದ್ದರೂ ಸಾಕು. ನೀವು ಮೊದಲನೆಯದರಲ್ಲೇ ಸಿಕ್ಕಿಬಿದ್ದಿದ್ದೀರಿ, ಎರಡನೆಯದು ನೋಡುವ ಅಗತ್ಯವೇ ಇಲ್ಲ. ಹುಟ್ಟಿದಾಗಿನಿಂದ ಇಲ್ಲೇ ಇರುವುದರಿಂದ ‘ಆರ್ಡಿನರಿಲಿ ರೆಸಿಡೆಂಟ್’ ಕೂಡ ಹೌದು.

ಹೀಗಿರುವವರ ಆದಾಯ ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಇಲ್ಲಿ ತೆರಿಗೆಗೆ ಬರುತ್ತದೆ. ಇಂಡಿಯಾದ ಖಾತೆಗೆ ಬಂತೋ, ಎಸ್ಟೋನಿಯಾದ ರಾಜಧಾನಿ ಟಾಲಿನ್‌ನ ಖಾತೆಯಲ್ಲೇ ಉಳಿಯಿತೋ ಅನ್ನುವುದಕ್ಕೆ ಬೆಲೆ ಇಲ್ಲ. ಹಾಗಾಗಿ ನಿಮ್ಮ ಲೆಕ್ಕದವರ ಮಾತು ತಪ್ಪು. ಅವರನ್ನು ದೂರಬೇಡಿ. ಮಿಲ್ಲಿನ ಭತ್ತ, ಅಕ್ಕಿ, ತೌಡಿನ ಲೆಕ್ಕದಲ್ಲಿ ಅವರು ನನಗಿಂತ ಜಾಣರಿರಬಹುದು. ಇದು ಅವರು ದಿನಾ ನೋಡುವ ಕಾಗದ ಅಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ನಿಮ್ಮ 2025-26ರ ಲೆಕ್ಕಕ್ಕೆ 1961ರ ಹಳೆ ಕಾಯ್ದೆಯೇ. ದಿನ ಎಣಿಸುವ ಪದ್ಧತಿಯಲ್ಲಿ ಹೊಸದೂ ಅದೇ ದಾರಿ ಹಿಡಿದಿದೆ.

ಈಗ ಕಂಪನಿಗೆ ಬರೋಣ. ವಿದೇಶಿ ಕಂಪನಿಯನ್ನು ಭಾರತದ ರೆಸಿಡೆಂಟ್ ಅನ್ನಬೇಕಾ ಎಂದು ನೋಡಲು ಒಂದು ಪರೀಕ್ಷೆ ಇದೆ. ‘ಪ್ಲೇಸ್ ಆಫ್ ಎಫೆಕ್ಟಿವ್ ಮ್ಯಾನೇಜ್‌ಮೆಂಟ್’. ನಮ್ಮ ಆಡಿಟರುಗಳ ಬಾಯಲ್ಲಿ ಚಿಕ್ಕದಾಗಿ ‘ಪೋಯಮ್’. ಕವಿತೆಯ ಹಾಗೆ ಇದಕ್ಕೂ ಒಬ್ಬೊಬ್ಬರದು ಒಂದೊಂದು ಅರ್ಥ. ಕಂಪನಿಯ ಮುಖ್ಯ ತೀರ್ಮಾನಗಳು ನಿಜವಾಗಿ ಎಲ್ಲಿ ಆಗುತ್ತವೆ ಅನ್ನುವುದೇ ತಿರುಳು. ನಿಮ್ಮಲ್ಲಿ ಆ ಜಾಗ ಯಾವುದು? ಮಹಡಿ ಮೇಲಿನ ನಿಮ್ಮ ಕೋಣೆ. ಯುಎಸ್‌ಬಿ ಕಾರ್ಡ್ ರೀಡರಿಗೆ ಇ-ರೆಸಿಡೆನ್ಸಿಯ ಆ ನೀಲಿ ಕಾರ್ಡು ಸಿಕ್ಕಿಸಿ, ಪಿನ್ ಒತ್ತಿ, ಕಂಪನಿಯ ಪತ್ರಕ್ಕೆ ಸಹಿ ಹಾಕುತ್ತೀರಲ್ಲ, ಆ ಮೇಜೇ ನಿಮ್ಮ ಕಂಪನಿಯ ಬೋರ್ಡ್ ರೂಮು. ಕೆಳಗೆ ಅಮ್ಮ ಊಟಕ್ಕೆ ಕರೆಯುತ್ತಿರುತ್ತಾರೆ. ಇದನ್ನು ಟಾಲಿನ್ ಅಂತ ಯಾವ ಅಧಿಕಾರಿ ಒಪ್ಪುತ್ತಾನೆ?

ಆದರೆ ಇಲ್ಲಿ ನಿಮಗೆ ಅದೃಷ್ಟ ಇದೆ. ವರ್ಷದ ವಹಿವಾಟು 50 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇರುವ ಕಂಪನಿಗೆ ಈ ಪೋಯಮ್ ಪರೀಕ್ಷೆ ಬೇಡ ಎಂದು ನೇರ ತೆರಿಗೆ ಮಂಡಳಿ 2017ರ ಫೆಬ್ರವರಿಯಲ್ಲೇ ಸುತ್ತೋಲೆ ಹೊರಡಿಸಿದೆ. ನಿಮ್ಮದು 42 ಲಕ್ಷ. ಆದ್ದರಿಂದ ಕಂಪನಿ ಭಾರತದ ರೆಸಿಡೆಂಟ್ ಆಗುವುದಿಲ್ಲ. ಇನ್ನೊಂದು ಸಮಾಧಾನ: ವಿದೇಶಿ ಕಂಪನಿ ಹಂಚದೆ ಇಟ್ಟುಕೊಂಡ ಲಾಭವನ್ನು ಷೇರುದಾರನ ತಲೆಗೆ ಕಟ್ಟುವ ಕಾನೂನು ಕೆಲವು ದೇಶಗಳಲ್ಲಿದೆ. ನಮ್ಮಲ್ಲಿ ಇಲ್ಲ.

ತುಂಬಾ ಜನ ಇಲ್ಲಿಗೆ ಓದು ನಿಲ್ಲಿಸಿ ಖುಷಿಯಾಗುತ್ತಾರೆ. ನನ್ನ ಹತ್ತಿರ ಬಂದ ಕೆಲವರು 50 ಕೋಟಿಯ ಸುತ್ತೋಲೆಯನ್ನು ಫೋನಿನಲ್ಲೇ ತೆಗೆದು ತೋರಿಸಿದ್ದಾರೆ. ಅವರು ನೋಡದ ಪುಟ ಪಿಇ, ಅಂದರೆ ಪರ್ಮನೆಂಟ್ ಎಸ್ಟಾಬ್ಲಿಷ್‌ಮೆಂಟ್. ವಿದೇಶಿ ಕಂಪನಿ ರೆಸಿಡೆಂಟ್ ಆಗದೇ ಇರಬಹುದು. ಆದರೂ ಅದರ ದಂಧೆ ನಡೆಯುವ ಒಂದು ಖಾಯಂ ಜಾಗ ಭಾರತದಲ್ಲಿದ್ದರೆ, ಆ ಜಾಗದಿಂದ ಹುಟ್ಟಿದ ಲಾಭಕ್ಕೆ ಇಲ್ಲಿ ತೆರಿಗೆ. ಎಸ್ಟೋನಿಯಾ ಜೊತೆ ಭಾರತ 2011ರಲ್ಲಿ ಡಬಲ್ ಟ್ಯಾಕ್ಸೇಶನ್ ಒಪ್ಪಂದ, ಅಂದರೆ ಒಂದೇ ಆದಾಯಕ್ಕೆ ಎರಡೂ ಕಡೆ ತೆರಿಗೆ ಬೀಳದ ಹಾಗೆ ಒಪ್ಪಂದ, ಮಾಡಿಕೊಂಡಿದೆ. ಆಡಳಿತ ನಡೆಯುವ ಸ್ಥಳವೂ ಪಿಇ ಎಂದು ಅದರಲ್ಲೇ ಬರೆದಿದೆ.

ಮನೆಯ ಕೋಣೆ ಪಿಇ ಆಗುತ್ತದಾ ಅಂತ ಕೇಳಬಹುದು. 2017ರಲ್ಲಿ ಸುಪ್ರೀಂ ಕೋರ್ಟ್ ಫಾರ್ಮುಲಾ ಒನ್ ಪ್ರಕರಣ ತೀರ್ಮಾನಿಸಿತು. ನೋಯ್ಡಾ ಹತ್ತಿರದ ಬುದ್ಧ ಸರ್ಕ್ಯೂಟ್‌ನಲ್ಲಿ ರೇಸ್ ನಡೆದಿದ್ದು ವರ್ಷಕ್ಕೆ ಮೂರೇ ದಿನ. ಟ್ರ್ಯಾಕು ವಿದೇಶಿ ಕಂಪನಿಯದೂ ಅಲ್ಲ. ಆದರೂ ಆ ಅವಧಿಯಲ್ಲಿ ಅಲ್ಲಿನ ಹಿಡಿತವೆಲ್ಲ ಆ ಕಂಪನಿಯದೇ, ಹಾಗಾಗಿ ಅದು ಪಿಇ ಎಂದಿತು ಕೋರ್ಟು. ಮೂರು ದಿನದ ರೇಸಿಗೇ ಹೀಗೆ. ನೀವು 249 ದಿನ ಕೂತ ಕೋಣೆಯ ಬಗ್ಗೆ ವಾದ ಮಾಡಲು ನನಗಂತೂ ಧೈರ್ಯ ಇಲ್ಲ.

ಈಗ ದುಡ್ಡಿನ ಲೆಕ್ಕ. 42ರಲ್ಲಿ 9 ಕಳೆದು 33 ಲಕ್ಷ ಲಾಭ. ಇದೆಲ್ಲಾ ನಿಮ್ಮ ಕೋಣೆಯಲ್ಲೇ ಹುಟ್ಟಿದೆ. ವಿದೇಶಿ ಕಂಪನಿಗೆ ತೆರಿಗೆ ಶೇ. 35, ಅದರ ಮೇಲೆ ಶೇ. 4 ಸೆಸ್. 11.55 ಲಕ್ಷಕ್ಕೆ 46,200 ಸೇರಿಸಿದರೆ 12,01,200 ರೂಪಾಯಿ. ಇದು ಕಂಪನಿಯ ತೆರಿಗೆ ಮಾತ್ರ. ಆಮೇಲೆ ನೀವು ಡಿವಿಡೆಂಡ್, ಅಂದರೆ ಷೇರುದಾರನಿಗೆ ಹಂಚುವ ಲಾಭ, ತೆಗೆದರೆ ಅದಕ್ಕೆ ನಿಮ್ಮ ಸ್ಲ್ಯಾಬಿನಲ್ಲಿ ಬೇರೆ.

ಅದೇ 42 ಲಕ್ಷಕ್ಕೆ ನೀವೇ ನಿಮ್ಮ ಹೆಸರಿನಲ್ಲಿ ಗಿರಾಕಿಗಳಿಗೆ ನೇರ ಬಿಲ್ ಮಾಡಿದ್ದರೆ? ಐಟಿ ವೃತ್ತಿಯವರಿಗೆ 44ಎಡಿಎ ಕಲಂ ಇದೆ. ವರ್ಷದ ಜಮೆ 75 ಲಕ್ಷದವರೆಗೆ ಇದ್ದು, ನಗದಿನ ಪಾಲು ಶೇ. 5 ದಾಟದಿದ್ದರೆ, ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ಅಂದರೆ 21 ಲಕ್ಷ. ಹೊಸ ಪದ್ಧತಿಯ ಸ್ಲ್ಯಾಬ್‌ಗಳಲ್ಲಿ ಅದಕ್ಕೆ 2,25,000, ಸೆಸ್ ಸೇರಿ 2,34,000 ರೂಪಾಯಿ.

ಒಂದು ಕಡೆ 12 ಲಕ್ಷ, ಇನ್ನೊಂದು ಕಡೆ 2.34 ಲಕ್ಷ. ತೆರಿಗೆ ಉಳಿಸಲು ಮಾಡಿದ ಕಂಪನಿಯೇ ಐದು ಪಟ್ಟು ಜಾಸ್ತಿ ತೆರಿಗೆ ಎಳೆದು ತಂದಿತು ಅಲ್ವಾ?

ಆಗಿಹೋದ ವರ್ಷಕ್ಕೆ ಏನು ಮಾಡಬಹುದು? ಹಿಂದಿನ ತಾರೀಖು ಹಾಕಿ ಕಂಪನಿಗೂ ನಿಮಗೂ ಒಂದು ಕರಾರು ಸೃಷ್ಟಿಸುವ ಯೋಚನೆ ಬಂದಿದ್ದರೆ ಇಲ್ಲೇ ಬಿಟ್ಟುಬಿಡಿ. ಫೈಲ್ ಯಾವತ್ತು ಹುಟ್ಟಿತು ಎಂದು ಕಂಪ್ಯೂಟರೇ ಹೇಳುತ್ತದೆ. ಅದರ ಅಗತ್ಯವೂ ಇಲ್ಲ. ನೀವು ನಿಮ್ಮದೇ ವಿದೇಶಿ ಕಂಪನಿಗೆ ವರ್ಷಪೂರ್ತಿ ಪುಕ್ಕಟೆ ದುಡಿದಿದ್ದೀರಿ. ಸಂಬಂಧಪಟ್ಟವರ ನಡುವೆ ಗಡಿ ದಾಟುವ ಇಂಥ ವ್ಯವಹಾರಕ್ಕೆ ಟ್ರಾನ್ಸ್‌ಫರ್ ಪ್ರೈಸಿಂಗ್ ನಿಯಮ ಇದೆ. ಮೂರನೆಯವರಿಗೆ ಅದೇ ಕೆಲಸ ಮಾಡಿದ್ದರೆ ಸಿಗುತ್ತಿದ್ದ ಕೂಲಿಯನ್ನು ನಿಮ್ಮ ಆದಾಯ ಅಂತ ಕಾನೂನೇ ಹಿಡಿಯುತ್ತದೆ. ಬಿಲ್ ಮಾಡಿದ್ದೀರೋ ಬಿಟ್ಟಿದ್ದೀರೋ ಅದಕ್ಕೆ ಬೇಕಿಲ್ಲ. ಹಾಗಾದರೆ ಆ ನ್ಯಾಯವಾದ ಕೂಲಿಯನ್ನು ಲೆಕ್ಕ ಹಾಕಿಸಿ, ನೀವೇ ಮುಂದಾಗಿ ರಿಟರ್ನಿನಲ್ಲಿ ತೋರಿಸಿ. ಇದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾಡಿದ 3ಸಿಇಬಿ ವರದಿ ಬೇಕು. ಮೊತ್ತ ಚಿಕ್ಕದು ಅಂತ ಇದಕ್ಕೆ ವಿನಾಯಿತಿ ಇಲ್ಲ.

ಎಲ್ಲಾ ಕೆಲಸ ನೀವೊಬ್ಬರೇ ಮಾಡಿದ್ದರಿಂದ 33 ಲಕ್ಷದಲ್ಲಿ ಬಹುಪಾಲು ನಿಮ್ಮ ಕೂಲಿಯೇ ಆಗುತ್ತದೆ. ಇಲ್ಲಿಯವರಿಗೆ ನ್ಯಾಯವಾದ ಬೆಲೆ ಕೊಟ್ಟ ಮೇಲೆ ಪಿಇಗೆ ಹಚ್ಚಲು ಮತ್ತೇನೂ ಉಳಿಯುವುದಿಲ್ಲ ಎಂದು 2007ರ ಮಾರ್ಗನ್ ಸ್ಟ್ಯಾನ್ಲಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಬೆಲೆಯಲ್ಲಿ ಕೆಲಸ, ಹೊಣೆ ಎಲ್ಲಾ ಸೇರಿರಬೇಕು ಅನ್ನುವುದು ಷರತ್ತು. ಚೂರು ಪಾರು ಉಳಿದರೆ ಕಂಪನಿಯ ಹೆಸರಿನಲ್ಲಿ ಪ್ಯಾನ್ ತೆಗೆಸಿ ಅದಕ್ಕೂ ರಿಟರ್ನ್ ಹಾಕಿಸಬೇಕು. ನನ್ನ ಪ್ರಕಾರ ನಿಮಗೆ ಇದೇ ಸರಿಯಾದ ದಾರಿ.

ಈ ದುಡ್ಡನ್ನು ನಿಮಗೆ ಯಾವ ಹೆಸರಿನಲ್ಲಿ ಕೊಡುತ್ತೀರಿ ಅನ್ನುವುದೂ ಮುಖ್ಯ. ಎಸ್ಟೋನಿಯಾದ ಲೆಕ್ಕ ಬರೆಯುವವರು ಸುಮ್ನೆ ‘ಬೋರ್ಡ್ ಸದಸ್ಯರ ಸಂಭಾವನೆ’ ಅಂತ ಬರೆದುಬಿಟ್ಟರೆ ಅದಕ್ಕೆ ಅಲ್ಲಿ ತೆರಿಗೆಯ ಜೊತೆ ಶೇ. 33 ಸೋಶಿಯಲ್ ಟ್ಯಾಕ್ಸ್ ಕೂಡ ಬೀಳುತ್ತದೆ. ಗಂಗಾವತಿಯಲ್ಲಿ ಕೂತು ಕೋಡ್ ಬರೆದದ್ದು ಬೋರ್ಡ್ ಕೆಲಸ ಅಲ್ಲ. ಅದು ಸೇವೆಯ ಶುಲ್ಕ. ಅವರಿಗೆ ಈಗಲೇ ಒಂದು ಮೇಲ್ ಹಾಕಿ.

ಡಿವಿಡೆಂಡ್ ತೆಗೆದರೆ ಏನಾಗುತ್ತದೆ ಅನ್ನುವುದೂ ನೋಡಿಕೊಳ್ಳಿ. 2025ರಿಂದ ಅಲ್ಲಿನ ದರ 78ಕ್ಕೆ 22. ಕೈಗೆ 7,800 ಯೂರೋ ಬರಬೇಕಾದರೆ ಕಂಪನಿ 2,200 ಯೂರೋ ತೆರಿಗೆ ಕಟ್ಟುತ್ತದೆ. ಬಂದ 7,800ಕ್ಕೆ ಇಲ್ಲಿ ನಿಮ್ಮ ಸ್ಲ್ಯಾಬಿನಲ್ಲಿ ಮತ್ತೆ ತೆರಿಗೆ. ಆ 2,200ನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಬಹುದಾ? ಅದು ಕಂಪನಿ ಕಟ್ಟಿದ್ದು, ನೀವು ಕಟ್ಟಿದ್ದಲ್ಲ. ಹಾಗಾಗಿ ಆ ಆಸೆ ಇಟ್ಟುಕೊಳ್ಳಬೇಡಿ. ಪಿಇ ಲಾಭಕ್ಕೆ ಬೇರೆ ದೇಶದಲ್ಲಿ ತೆರಿಗೆ ಕಟ್ಟಿದ್ದರೆ ಅದರಿಂದ ಹಂಚಿದ ಡಿವಿಡೆಂಡ್‌ಗೆ ಎಸ್ಟೋನಿಯಾ ರಿಯಾಯಿತಿ ಕೊಡುತ್ತದೆ. ಆದರೆ ಅದಕ್ಕೆ ಇಲ್ಲಿ ಕಟ್ಟಿದ ಚಲನ್ ಬೇಕಲ್ಲ.

ಇಷ್ಟು ತೆರಿಗೆಯ ಮಾತಾಯಿತು. ನನಗೆ ನಿಜವಾಗಿ ಭಯ ಇರುವುದು ತೆರಿಗೆಯದಲ್ಲ, ಒಂದು ಹಾಳೆಯದು. ರಿಟರ್ನಿನಲ್ಲಿ ಶೆಡ್ಯೂಲ್ ಎಫ್‌ಎ ಅಂತ ಇದೆ. ವಿದೇಶದಲ್ಲಿರುವ ಷೇರು, ಖಾತೆ, ನೀವು ಸಹಿ ಹಾಕುವ ಅಧಿಕಾರ ಇರುವ ಕಂಪನಿ ಖಾತೆ, ಎಲ್ಲವನ್ನೂ ಅಲ್ಲಿ ಬರೆಯಬೇಕು. ಒಂದು ಪೈಸೆ ಆದಾಯ ಇರದಿದ್ದರೂ ಬರೆಯಬೇಕು. ಇಲ್ಲಿ ವರ್ಷ ಅಂದರೆ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಕ್ಯಾಲೆಂಡರ್ ವರ್ಷ. ನಿಮ್ಮ ಈ ರಿಟರ್ನಿಗೆ 2025ರ ಡಿಸೆಂಬರ್ 31ಕ್ಕೆ ಮುಗಿದ ವರ್ಷ. ಐಟಿಆರ್-1, ಐಟಿಆರ್-4 ಫಾರಂಗಳಲ್ಲಿ ಈ ಹಾಳೆಯೇ ಇರುವುದಿಲ್ಲ. ನೀವು ಕಳುಹಿಸಿದ ಹಿಂದಿನ ಎರಡು ವರ್ಷದ ರಿಟರ್ನ್ ನೋಡಿದೆ, ಎರಡೂ ಐಟಿಆರ್-1. ಅಂದರೆ ಎರಡು ವರ್ಷ ತೋರಿಸಿಲ್ಲ.

2015ರ ಕಪ್ಪು ಹಣ ಕಾಯ್ದೆಯಲ್ಲಿ ಇದನ್ನು ಮುಚ್ಚಿಟ್ಟರೆ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್ 1ರಿಂದ ಒಂದು ಸಡಿಲಿಕೆ ಬಂದಿದೆ. ಜಮೀನು, ಮನೆ ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ದಾಟದಿದ್ದರೆ ಆ ದಂಡ ಇಲ್ಲ. ನಿಮ್ಮ ಕಂಪನಿ ಖಾತೆಯಲ್ಲಿ ಕೂತಿರುವ ದುಡ್ಡು ನೋಡಿದರೆ ನೀವು ಆ ಗೆರೆ ದಾಟಿದ್ದೀರಿ. ಯಾರಿಗೆ ಗೊತ್ತಾಗುತ್ತದೆ ಅನ್ನಬೇಡಿ. ವಿದೇಶಿ ಖಾತೆಗಳ ಮಾಹಿತಿ ದೇಶದಿಂದ ದೇಶಕ್ಕೆ ತಾನಾಗಿ ಹೋಗುವ ಸಿಆರ್‌ಎಸ್ ವ್ಯವಸ್ಥೆಗೆ ಭಾರತ 2017ರಿಂದಲೇ ಸೇರಿದೆ. ಎಸ್ಟೋನಿಯಾವೂ ಅದರಲ್ಲಿದೆ. 2024ರ ನವೆಂಬರ್‌ನಲ್ಲಿ ಇಲಾಖೆಯೇ ಎಷ್ಟೋ ಜನರಿಗೆ ‘ವಿದೇಶಿ ಆಸ್ತಿ ತೋರಿಸಿದ್ದೀರಾ, ನೋಡಿಕೊಳ್ಳಿ’ ಎಂದು ಮೆಸೇಜ್ ಕಳಿಸಿತ್ತು. ಆ ಎರಡು ವರ್ಷಗಳಿಗೂ ನಿಮ್ಮ ಕೂಲಿಯ ಆದಾಯ ಸೇರಿಸಿ ಅಪ್‌ಡೇಟೆಡ್ ರಿಟರ್ನ್ ಹಾಕೋಣ. 2025ರ ಬಜೆಟ್ ಆದ ಮೇಲೆ ಅದಕ್ಕೆ ನಾಲ್ಕು ವರ್ಷದ ಅವಕಾಶ ಇದೆ. ತಡವಾದಷ್ಟೂ ಮೇಲೆ ಕಟ್ಟುವ ತೆರಿಗೆ ಶೇ. 25ರಿಂದ 70ರವರೆಗೆ ಏರುತ್ತದೆ. ನೋಟಿಸ್ ಬಂದ ಮೇಲೆ ಈ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ.

ಇನ್ನೊಂದು ಕಾನೂನು ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಇದು ತೆರಿಗೆಯದ್ದಲ್ಲ, ರಿಸರ್ವ್ ಬ್ಯಾಂಕ್ ಕಡೆಯದು. ಇಲ್ಲಿ ಕೂತವರು ಹೊರಗಿನ ಕಂಪನಿಯ ಷೇರು ಕೊಂಡರೆ ಅದು ಓವರ್‌ಸೀಸ್ ಡೈರೆಕ್ಟ್ ಇನ್ವೆಸ್ಟ್‌ಮೆಂಟ್. ಮೊತ್ತ ನೂರು ಯೂರೋ ಆದರೂ ಅಷ್ಟೇ. 2022ರ ಆಗಸ್ಟ್‌ನ ನಿಯಮಗಳ ಪ್ರಕಾರ ಬ್ಯಾಂಕಿನ ಮೂಲಕ ಫಾರಂ ಎಫ್‌ಸಿ ಕೊಟ್ಟು ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಂಪನಿಯ ವರದಿ ಕೊಡಬೇಕು. ನೀವು ಷೇರಿನ ದುಡ್ಡನ್ನು ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ್ದೀರಿ. ಯಾವ ಫಾರಂ ಕೊಟ್ಟಿಲ್ಲ.

ಇದನ್ನು ಸರಿ ಮಾಡಬಹುದು, ತಡವಾದದ್ದಕ್ಕೆ ಶುಲ್ಕ ಬೀಳುತ್ತದೆ ಅಷ್ಟೇ. ಕಷ್ಟ ಬೇರೆ ಕಡೆ ಇದೆ. ಒಮ್ಮೆ ಒಬ್ಬ ಹುಡುಗನನ್ನು ಕರೆದುಕೊಂಡು ಇಲ್ಲಿನ ಒಂದು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಫಾರಂ ಎಫ್‌ಸಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದು ಎಲ್‌ಸಿ ಏನ್ರಿ?’ ಎಂದರು. ಹತ್ತಿ, ಉಕ್ಕಿನ ಊರು, ಅವರಿಗೆ ಗೊತ್ತಿರುವುದು ಎಲ್‌ಸಿ, ಅಂದರೆ ವ್ಯಾಪಾರಕ್ಕೆ ಬ್ಯಾಂಕ್ ಕೊಡುವ ಖಾತರಿ ಪತ್ರ. ನಾಲ್ಕು ಸಲ ಹೋಗಿ, ಕೊನೆಗೆ ಅವರದೇ ಬ್ಯಾಂಕಿನ ಫಾರೆಕ್ಸ್ ಶಾಖೆಗೆ ಕಾಗದ ಕಳಿಸಿದ ಮೇಲೆ ಕೆಲಸ ಆಯಿತು. ನೀವು ಮೊದಲೇ ಫಾರೆಕ್ಸ್ ಶಾಖೆಗೆ ಹೋಗಿ.

ಭಾವನವರ ಮಾತಿಗೆ ಬರೋಣ. ದುಬೈನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ನಿಜ. ಕಂಪನಿಗೆ 2023ರ ಜೂನ್‌ನಿಂದ 3.75 ಲಕ್ಷ ದಿರ್ಹಮ್ ಮೇಲಿನ ಲಾಭಕ್ಕೆ ಶೇ. 9 ಇದೆ. ಆದರೆ ವೀಸಾ ಪಡೆದ ಮಾತ್ರಕ್ಕೆ ನೀವು ಅಲ್ಲಿಯವರಾಗುವುದಿಲ್ಲ. ನಮ್ಮ ಮತ್ತು ಯುಎಇ ಒಪ್ಪಂದದ ಪ್ರಕಾರ ಅಲ್ಲಿಯ ನಿವಾಸಿ ಎನಿಸಿಕೊಳ್ಳಲು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲೇ ಇರಬೇಕು. ಜೊತೆಗೆ ನಮ್ಮವರು ಒಂದು ಬಲೆ ಹೆಣೆದಿದ್ದಾರೆ. ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯ ಇಲ್ಲಿನ ಆದಾಯ 15 ಲಕ್ಷ ದಾಟಿದರೆ, ಅವನು ಒಂದು ದಿನ ಇಲ್ಲಿ ಇರದಿದ್ದರೂ ರೆಸಿಡೆಂಟ್ ಅಂತ ಹಿಡಿಯುತ್ತಾರೆ. ಆ 15 ಲಕ್ಷಕ್ಕೆ ಭಾರತದಿಂದ ನಡೆಸುವ ದಂಧೆಯ ಆದಾಯವೂ ಸೇರುತ್ತದೆ. ನೀವು ದುಬೈಗೆ ಹೋಗಿ, ಗಿರಾಕಿ, ದರ, ಲೆಕ್ಕ ಎಲ್ಲಾ ಗಂಗಾವತಿಯಲ್ಲಿ ತಮ್ಮ ನೋಡಿಕೊಂಡರೆ ಅದು ಇಲ್ಲಿಂದ ನಡೆಸುವ ದಂಧೆಯೇ. ಹೆಂಡತಿ, ಮಗು, ಮೇಜು, ಕಂಪ್ಯೂಟರು ಎಲ್ಲಾ ಎತ್ತಿಕೊಂಡು ಹೋಗುವುದಾದರೆ ಹೋಗಿ. ಇಲ್ಲದಿದ್ದರೆ ಭಾವನ ಮನೆಗೆ ನೆಂಟರಾಗಿ ಹೋಗಿ ಬನ್ನಿ.

ಕಂಪನಿ ಇಟ್ಟುಕೊಳ್ಳಬೇಕಾ, ಮುಚ್ಚಬೇಕಾ? ನಿಮ್ಮ ಗಿರಾಕಿಗಳಲ್ಲಿ ಯುರೋಪಿನ ಕಂಪನಿಗೇ ಕೊಡುತ್ತೇವೆ ಎಂದು ಹಟ ಹಿಡಿಯುವವರು ಎಷ್ಟು ಜನ ಎಂದು ಮೊದಲು ಎಣಿಸಿ. ನೀವು ಬರೆದ ಪಟ್ಟಿಯಲ್ಲಿ ನನಗೆ ಕಂಡದ್ದು ಇಬ್ಬರು. ಉಳಿದ ಒಂಬತ್ತು ಜನರಿಗೆ ಮುಂದಿನ ತಿಂಗಳಿಂದ ನಿಮ್ಮ ಹೆಸರಿನಲ್ಲೇ ಬಿಲ್ ಕಳಿಸಿ. 20 ಲಕ್ಷ ದಾಟುವುದರಿಂದ ಜಿಎಸ್‌ಟಿ ನೋಂದಣಿ ಬೇಕು. ರಫ್ತು ಆದ್ದರಿಂದ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಕೊಟ್ಟರೆ ತೆರಿಗೆ ಸೊನ್ನೆ. ಇಬ್ಬರಿಗಾಗಿ ಕಂಪನಿ ಸಾಕುವುದು ದುಬಾರಿ, ನಾನಾಗಿದ್ದರೆ ಮುಚ್ಚುತ್ತಿದ್ದೆ. ಮುಚ್ಚುವ ಮೊದಲು ಫೆಮಾ ಕಾಗದ ಸರಿಯಾಗಲಿ. ಮುಚ್ಚಿ ದುಡ್ಡು ವಾಪಸ್ ಬಂದ ಮೇಲೆ 30 ದಿನದೊಳಗೆ ಅದನ್ನೂ ಬ್ಯಾಂಕಿಗೆ ತಿಳಿಸಬೇಕು. ಎಸ್ಟೋನಿಯಾದಲ್ಲಿ ವಾರ್ಷಿಕ ವರದಿಗೆ ಗಡುವು ಜೂನ್ 30, ಅದನ್ನು ತಪ್ಪಿಸಬೇಡಿ.

ಬರುವಾಗ ಪಾಸ್‌ಪೋರ್ಟಿನ ಎಲ್ಲಾ ಪುಟಗಳ ಜೆರಾಕ್ಸ್, 2023ರಿಂದ ಕಂಪನಿ ಖಾತೆಯ ಸ್ಟೇಟ್‌ಮೆಂಟ್, ಡೆಬಿಟ್ ಕಾರ್ಡಿನಲ್ಲಿ ಷೇರಿನ ದುಡ್ಡು ಕಟ್ಟಿದ ದಿನದ ಬ್ಯಾಂಕ್ ಎಂಟ್ರಿ ತನ್ನಿ. ಆ ನೀಲಿ ಕಾರ್ಡು, ಕಾರ್ಡ್ ರೀಡರ್ ಎರಡೂ ಇರಲಿ. ಪಿನ್ ಮರೆತಿಲ್ಲ ತಾನೇ?